ಓಬಕ್ಕನ ಸ್ತೋತ್ರದ ಟಗರು

ರಾಯದುರ್ಗದಲ್ಲಿ ಓಬಕ್ಕನ ಮುಖ ನೋಡದವರು ಇದ್ದಾರೆ, ಅವಳ ಗಂಟಲು ಕೇಳದವರು ಇಲ್ಲ. ಬೆಳಿಗ್ಗೆ ಬೀದಿಯ ತುದಿಯಲ್ಲಿ ಒಲೆ ಹೊತ್ತಿಸಿ, ಬಾಣಲೆಗೆ ಎಣ್ಣೆ ಸುರಿದು, ಮೊದಲ ಮೆಣಸಿನಕಾಯಿ ಬಿಟ್ಟ ಕೂಡಲೇ ಒಂದು ಕೂಗು ಹಾಕುತ್ತಾಳೆ.

"ಬಿಸೀ ಮಿರ್ಚೀ, ಒಗ್ಗರಣೀ ಮಂಡಕ್ಕೀ..."

ಆ ಕೂಗಿಗೆ ಬಸ್ ಸ್ಟ್ಯಾಂಡಿನ ನಾಯಿ ಏಳುತ್ತದೆ, ಆಟೋದಲ್ಲಿ ಮಲಗಿದವರು ಏಳುತ್ತಾರೆ, ಎದುರು ಮನೆಯ ಅನ್ನದಾನಮ್ಮ ಎದ್ದು ಬಾಲ್ಕನಿಗೆ ಬಂದು ಬೈಯುತ್ತಾಳೆ.

"ಲೇ ಓಬಕ್ಕಾ, ಯಾಕ ಹಂಗ ಒದರ್ತಿ? ಮಿರ್ಚಿ ಮಾರ್ತೀಯೋ, ಯುದ್ಧಕ್ಕ ಕರೀತೀಯೋ?"

"ಮೆಲ್ಲಕ ಕೂಗಿದ್ರ ಮಿರ್ಚಿ ಆರಿ ಹೋಗ್ತಾವ್ರೀ ಅಮ್ಮಾ!"

ಅನ್ನದಾನಮ್ಮನದು ಮೂರಂತಸ್ತಿನ ಮನೆ. ಕೆಳಗೆ ಕಿರಾಣಿ ಅಂಗಡಿ, ನಡುವೆ ವಾಸ, ಮೇಲೆ ಮಗ ಸಿದ್ದರಾಮೇಶನ ಜೀನ್ಸ್ ಹೊಲಿಯುವ ಮಿಷನ್‌ಗಳು. ಕೊರಳಲ್ಲಿ ಲಿಂಗ, ಹಣೆಗೆ ವಿಭೂತಿ, ಬಾಯಿಗೆ ಬೀಗ ಇಲ್ಲ. ಎದುರಿಗೆ ಓಬಕ್ಕನ ಎರಡು ಕೋಣೆಯ ಮನೆ. ಪಕ್ಕದಲ್ಲೇ ಅವಳ ಗಂಡ ಜಗದೀಶನ ಪಂಚರ್ ಅಂಗಡಿ. ಜಗದೀಶ ಮಾತು ಕಡಿಮೆ ಆಡುವವನು. ಮನೆಗೆ ಬೇಕಾದ ಮಾತನ್ನೆಲ್ಲ ಹೆಂಡತಿಯೇ ಆಡುತ್ತಿದ್ದುದರಿಂದ ಅವನಿಗೆ ಆ ಕೆಲಸ ಬಿದ್ದಿರಲಿಲ್ಲ.

ಓಬಕ್ಕ ಮಡಕಶಿರ ಕಡೆಯ ಹುಡುಗಿ. ಅವಳ ಅವ್ವನ ಕಾಲಕ್ಕೇ ಅವರ ಮನೆಯವರು ಕ್ರೈಸ್ತರಾದರು. ಹೆಸರು ಮಾತ್ರ ಅಜ್ಜಿಯದೇ ಉಳಿಯಿತು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಬೀದಿಯ ಕೊನೆಯ ತಗಡಿನ ಶೀಟಿನ ಸಭೆಗೆ ಒಂದು ಭಾನುವಾರವೂ ತಪ್ಪಿಸಿದವಳಲ್ಲ. ಅವಳು ಹಾಡಿದರೆ ಮೈಕು ಬೇಕಾಗುತ್ತಿರಲಿಲ್ಲ. ಶೀಟೇ ಸಣ್ಣಗೆ ನಡುಗುತ್ತಿತ್ತು.

ಹೋದ ವರ್ಷ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಓಬಕ್ಕ ಬಾಯಿ ತೆರೆದಳು. ಗಾಳಿ ಬಂತು, ಕೂಗು ಬರಲಿಲ್ಲ. ಬಿಸಿನೀರು ಕುಡಿದಳು, ಜೇನು ನೆಕ್ಕಿದಳು, ಕರಿಮೆಣಸು ಅಗಿದಳು. ಏನೂ ಆಗಲಿಲ್ಲ. ಕೊನೆಗೆ ಜಾಲರಿ ಸೌಟಿನಿಂದ ಬಾಣಲೆ ಬಡಿದು ಗಿರಾಕಿ ಕರೆಯತೊಡಗಿದಳು. ಪಾತ್ರೆ ರಿಪೇರಿಯವನು ಬಂದಿದ್ದಾನೆಂದು ಜನ ತೂತಾದ ಬಿಂದಿಗೆ ತಂದು ಮುಂದಿಟ್ಟರು.

ಕೆಲವು ದಿನ ನೋಡಿ ಅನ್ನದಾನಮ್ಮ ಕೆಳಗಿಳಿದು ಬಂದಳು. "ಏನಾತೇ ನಿನಗ? ನಿನ್ನ ಒದರಾಟ ಇಲ್ಲದ ನನಗ ಎಚ್ಚರಾನ ಆಗವಲ್ದು. ಹೊತ್ತೇರಿದ ಮ್ಯಾಲ ಪೂಜಿ ಮಾಡಂಗಾಗೈತಿ. ಬಾಯಿ ತಗಿ ನೋಡೂನು."

ಓಬಕ್ಕ ಬಾಯಿ ತೆರೆದಳು. ಅನ್ನದಾನಮ್ಮ ಒಳಗೆ ಬಗ್ಗಿ ನೋಡಿದಳು. ಏನು ಕಂಡಳೋ, ಚಪ್ಪಲಿ ಮೆಟ್ಟಿ, ಆಟೋ ಕರೆದು, ಓಬಕ್ಕನನ್ನು ರಟ್ಟೆ ಹಿಡಿದು ಕೂರಿಸಿ, ಸೀದಾ ಬಳ್ಳಾರಿಗೆ ಕರೆದುಕೊಂಡು ಹೋದಳು. ಗಂಟಲ ಧ್ವನಿತಂತುವಿನ ಮೇಲೆ ಒಂದು ಗಂಟು ಇದೆ, ತೆಗೆಯಬೇಕು, ಧ್ವನಿ ವಾಪಸ್ ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು.

ಆಪರೇಷನ್ ಆಯಿತು. ಮಾತಾಡಲೇಬೇಡ ಎಂದು ಕಟ್ಟಪ್ಪಣೆಯಾಯಿತು. ಓಬಕ್ಕ ಜೀವನದಲ್ಲಿ ಅಷ್ಟು ದಿನ ಸುಮ್ಮನಿದ್ದದ್ದು ಅದೇ ಮೊದಲು. ಆಗ ಮನಸ್ಸಿನೊಳಗೇ ಹರಕೆ ಹೊತ್ತಳು: ಕರ್ತನೇ, ನನ್ನ ಧ್ವನಿ ನನಗೆ ಕೊಟ್ಟರೆ ಒಂದು ಟಗರು ಕೊಯ್ದು, ಎಲ್ಲರಿಗೂ ಊಟ ಹಾಕಿ ಸ್ತೋತ್ರ ಕೂಟ ಮಾಡುತ್ತೇನೆ.

ಕೊನೆಗೆ ಒಂದು ದಿನ ಡಾಕ್ಟರು ಟಾರ್ಚು ಹಿಡಿದು, "ಮೆಲ್ಲಗೆ 'ಆ' ಅನ್ನಮ್ಮ" ಎಂದರು. ಓಬಕ್ಕ ಕಣ್ಣು ಮುಚ್ಚಿದಳು. "ಮಿರ್ಚೀ!" ಎಂದಳು. ನರ್ಸಮ್ಮನ ಕೈಯಿಂದ ಟ್ರೇ ಬಿತ್ತು. ಹೊರಗೆ ಯಾರೋ, "ಎಲ್ಲಿ? ಎಲ್ಲಿ?" ಎಂದರು.

ಊರಿಗೆ ಬಂದ ಮೇಲೆ ಓಬಕ್ಕ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದಳು. ಒಂದು ವಾರ ಅಲ್ಲ, ವಾರ ವಾರವೂ ಹೇಳಿದಳು. "ನಾ ಬಳ್ಳಾರಿಗೆ ಹೋದೆ. ಗಂಟು ಅಂದ್ರು. ನಾ ದೇವ್ರಿಗೆ ಮೊರೆ ಇಟ್ಟೆ. ದೇವ್ರು ಬಾಯಿ ಕೊಟ್ರು. ಸ್ತೋತ್ರ!" ಪ್ರತಿ ಸಲವೂ ಗಂಟು ಸ್ವಲ್ಪ ಬೆಳೆಯುತ್ತಿತ್ತು. ಕಡಲೆಕಾಳಿನಷ್ಟಿದ್ದದ್ದು ನಿಂಬೆಹಣ್ಣಾಗಿ, ಬದನೆಕಾಯಿಯ ಕಡೆ ಹೊರಟಿತ್ತು.

ಮನೆಗೆ ಬಂದ ಮೇಲೆ ಜಗದೀಶ ಒಂದೇ ಮಾತು ಕೇಳುತ್ತಿದ್ದ. "ನೀನೊಬ್ಬಾಕೇ ಹೋಗಿದ್ದೇನು?"

"ದೇವ್ರ ಮಾತು ಹೇಳೂಮುಂದ ನಡುವ ಆಟೋ ಮಾತು ಯಾಕ್ರಿ?" ಎನ್ನುತ್ತಿದ್ದಳು ಓಬಕ್ಕ.

ಅವಳ ಸಿಟ್ಟಿಗೆ ಕಾರಣವಿತ್ತು. ಎದುರಿನ ಕಿರಾಣಿ ಅಂಗಡಿಯಲ್ಲಿ ಅನ್ನದಾನಮ್ಮ ಬೇಳೆ ತೂಗುತ್ತಾ ಬಂದವರಿಗೆಲ್ಲ, "ನಾ ಇಲ್ಲದಿದ್ರ ಮೂಗಿ ಆಗಿ ಕುಂದರ್ತಿದ್ಲು. ನಾನೇ ಆಕಿಗೆ ಬಾಯಿ ಬರಿಸಿದ್ದು" ಎನ್ನುತ್ತಿದ್ದಳು. ಅದು ಓಬಕ್ಕನ ಕಿವಿಗೆ ಬಿತ್ತು. "ದೇವ್ರು ಕೊಟ್ಟಿದ್ದಕ್ಕ ಈಕಿ ಯಾಕ ಬಿಲ್ ಹಾಕ್ತಾಳ?" ಎಂದು ಒಲೆ ಮುಂದೆ ಗುಡುಗಿದಳು. ಅದು ಅನ್ನದಾನಮ್ಮನ ಕಿವಿಗೆ ಬಿತ್ತು. ಅಲ್ಲಿಗೆ ಮಾತು ನಿಂತಿತು. ಬೆಳಗಿನ ಬೈಗುಳ ಕೂಡ ನಿಂತಿತು. ಅದು ಓಬಕ್ಕನಿಗೆ ಯಾಕೋ ಸರಿಬರಲಿಲ್ಲ. ಕೂಗು ಹಾಕಿ ಮೇಲೆ ನೋಡುತ್ತಿದ್ದಳು. ಬಾಲ್ಕನಿ ಖಾಲಿ.

ಹರಕೆ ತೀರಿಸುವ ಭಾನುವಾರ ನಿಗದಿಯಾಯಿತು. ಪಾಸ್ಟರ್ ನರೇಶ್ ಕಲ್ಯಾಣದುರ್ಗ ಕಡೆಯ ಎಳೆ ವಯಸ್ಸಿನವರು. ಸ್ತೋತ್ರದ ಕಾಣಿಕೆ ಅಂದರೆ ಬೈಬಲಿನಲ್ಲಿ ಏನಿದೆ ಎಂದು ಓಬಕ್ಕ ಕೇಳಿದ್ದಕ್ಕೆ ಮನೆಗೇ ಬಂದು ಯಾಜಕಕಾಂಡ ತೆಗೆದು ಓದಿದರು. ಕೃತಜ್ಞತೆಗೆಂದು ಪಶು ಕೊಟ್ಟವನು ಜೊತೆಗೆ ರೊಟ್ಟಿಗಳನ್ನೂ ಕೊಡಬೇಕು. ಎಣ್ಣೆ ಕಲಸಿದ ಹುಳಿಯಿಲ್ಲದ ರೊಟ್ಟಿ, ಹುಳಿ ಹಿಟ್ಟಿನ ರೊಟ್ಟಿ, ಎರಡೂ. ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು. ಬೆಳಗಿನತನಕ ಚೂರೂ ಉಳಿಸಬಾರದು.

"ಯೆಹೂದ್ಯರ ಲೆಕ್ಕದಾಗ ಹೊತ್ತು ಮುಳುಗಿದ್ರ ದಿನ ಮುಗೀತು ಅಂತ ನೀವೇ ಹೇಳಿದ್ರಲ್ರಿ?" ಎಂದಳು ಓಬಕ್ಕ.

"ಹೇಳಿದ್ದೆ. ಆದ್ರ ಅಮ್ಮಾ, ಅದು ಹಳೇ ಒಡಂಬಡಿಕೆ. ಈಗ ನಮಗ ಆ ಕಟ್ಟಳೆ..."

ಓಬಕ್ಕ ಅಷ್ಟರಲ್ಲೇ ಎದ್ದು ಹೋಗಿದ್ದಳು. ಎಣ್ಣೆಯ ರೊಟ್ಟಿಗೆ ಹೋಳಿಗೆ ಎಂದು ಗೊತ್ತುಮಾಡಿದಳು. ಹುಳಿ ಹಿಟ್ಟಿನದಕ್ಕೆ ಬೇಕರಿಯ ಬನ್ನು ಹೇಳಿದಳು. ಸಂತೆಯಲ್ಲಿ ಹೊಸ ಕಾವಲಿ ಕೊಂಡಳು. ಹೋಳಿಗೆಗೆಂದು ಹಿತ್ತಲಲ್ಲಿ ಬೇರೆ ಒಲೆ ಹೂಡಿದಳು.

"ಹೊಸ ಕಾವಲಿ ಯಾಕ?" ಎಂದ ಜಗದೀಶ.

"ಪುಸ್ತಕದಾಗ ಐತಿ."

ಟಗರು ತರುವ ಕೆಲಸ ಮಡಕಶಿರದ ತಮ್ಮ ತಿಪ್ಪಯ್ಯನದು. "ಸ್ವಲ್ಪ ದೊಡ್ಡದು ನೋಡೋ" ಎಂದು ಫೋನಿನಲ್ಲಿ ಹೇಳಿದ್ದಳು. ಶನಿವಾರ ಸಂಜೆ ಲಗೇಜ್ ಆಟೋ ಬಂದು ನಿಂತಾಗ ಬೀದಿಯವರು ಕರು ಬಂದಿತೆಂದುಕೊಂಡರು. ಆಟೋ ಹಿಂದಕ್ಕೆ ವಾಲಿತ್ತು. ಟಗರು ಇಳಿದ ಮೇಲೆ ನೆಟ್ಟಗಾಯಿತು.

"ಇದೇನೋ ಇದು?" ಎಂದಳು ಓಬಕ್ಕ.

"ನೀನೇ ಅಲ್ವೇನಕ್ಕ ದೊಡ್ಡದು ಅಂದಿದ್ದು? ನಮ್ ಕಡೆ ಇದುಕ್ಕಿಂತ ದೊಡ್ದು ಇಲ್ಲ ಕಣಕ್ಕ. ದಾರಿನಾಗೆ ಎಲ್ರೂ ನಿಲ್ಸಿ ನಿಲ್ಸಿ ಫೋಟೋ ತಗಂಡ್ರು."

ಬೆಳಿಗ್ಗೆ ಕೊಯ್ಯಲು ಬಂದವನು ಅದನ್ನು ಒಂದು ಸುತ್ತು ಹಾಕಿ ನೋಡಿ, ಮೊದಲು ಚಹಾ ಕೇಳಿದ.

ಮಧ್ಯಾಹ್ನಕ್ಕೆ ದೊಡ್ಡ ಹಂಡೆಯಲ್ಲಿ ಸಾರು ಕುದಿಯಿತು. ಬಾಡಿಗೆಗೆ ತಂದ ಇನ್ನೊಂದು ಹಂಡೆಯೂ ತುಂಬಿತು. ಮುದ್ದೆ ಸಾಲಾಗಿ ಕೂತವು. ಸಭೆ ಬಿಟ್ಟಿತು. ಒಲೆ ಬಿಡಲಾಗದೆ ಅವತ್ತೊಂದು ದಿನ ಸಭೆಗೆ ಹೋಗದಿದ್ದ ಓಬಕ್ಕ ಬಾಗಿಲಲ್ಲಿ ನಿಂತು ದಾರಿ ನೋಡಿದಳು. ಪಾಸ್ಟರ್ ಬಂದರು. ಅವರ ಹಿಂದೆ ನಾಲ್ಕಾರು ಮುದುಕಿಯರು ಕೋಲೂರುತ್ತಾ ಬಂದರು. ಅವರ ಹಿಂದೆ ಯಾರೂ ಬರಲಿಲ್ಲ.

"ಎಲ್ರೂ ಎಲ್ಲಿ?"

ಪಾಸ್ಟರ್ ಎದುರು ಮನೆಯ ಮೇಲಂತಸ್ತಿನ ಕಡೆ ಗದ್ದ ಎತ್ತಿ ತೋರಿಸಿದರು. ಅಲ್ಲಿ ಮಿಷನ್‌ಗಳು ಕಟಕಟ ಓಡುತ್ತಿದ್ದವು. ಸಭೆಯ ಹೆಚ್ಚಿನ ಜನ ಹೊಲಿಗೆಯವರು. ಸಿದ್ದರಾಮೇಶನ ಜೀನ್ಸಿನ ಲೋಡು ಅದೇ ಸಂಜೆ ಲಾರಿಗೆ ಹೋಗಬೇಕಿತ್ತು. ಬೆಳಿಗ್ಗೆಯೇ ಎಲ್ಲರನ್ನೂ ಕರೆಸಿ ಕೂರಿಸಿದ್ದ.

ಮುದುಕಿಯರು ಕೂತರು. ಸಾರು ಕುಡಿದರು, ಸ್ತೋತ್ರ ಹೇಳಿದರು, ಬನ್ನು ಅದ್ದಿ ತಿಂದರು. ತುಂಡು ಮಾತ್ರ ಒಬ್ಬರೂ ಮುಟ್ಟಲಿಲ್ಲ. ಅವರಲ್ಲಿ ಹಿರಿಯಳಾದ ಕಾಟಮ್ಮ ಒಂದು ತುಂಡನ್ನು ಬಾಯಲ್ಲಿಟ್ಟು, ಬಹಳ ಹೊತ್ತು ಅದರ ಜೊತೆ ಮಾತಾಡಿ, ಹಾಗೇ ಹೊರಗೆ ತೆಗೆದು ತಟ್ಟೆಯಲ್ಲಿಟ್ಟಳು. "ಹಲ್ಲಿದ್ದಾಗ ಕರೀಲಿಲ್ಲಲ್ಲೇ ನೀನು" ಎಂದಳು.

ಓಬಕ್ಕ ಹಂಡೆಯ ಮುಚ್ಚಳ ತೆಗೆದು ನೋಡಿದಳು. ಆಮೇಲೆ ಸೂರ್ಯನನ್ನು ನೋಡಿದಳು.

"ಪಾಸ್ಟ್ರ, ಉಳೀತದ."

"ಉಳೀಲಿ ಬಿಡ್ರಿ ಅಮ್ಮಾ. ಫ್ರಿಜ್ಜಿನಾಗ ಇಟ್ಟು ನಾಳಿ ಎಲ್ರಿಗೂ..."

"ಫ್ರಿಜ್ಜು ಅಂತ ಪುಸ್ತಕದಾಗ ಐತೇನ್ರಿ?" ಅವಳ ಕೈ ತನ್ನಷ್ಟಕ್ಕೆ ಗಂಟಲಿಗೆ ಹೋಯಿತು. "ಹರಕಿ ಕೆಟ್ರ? ಕೊಟ್ಟಾತ ವಾಪಸ್ ತಗೊಂಡ್ರ? ಮತ್ತ ಸೌಟು ಬಡೀಬೇಕೇನು ನಾನು?"

"ದೇವ್ರು ಹಂಗ ಕಸ್ಕೊಳ್ಳೋರಲ್ಲಮ್ಮ."

"ಗೊತ್ರಿ. ಆದ್ರೂ." ಎಂದು ಸೆರಗು ಸಿಕ್ಕಿಸಿ ಬೀದಿಗಿಳಿದಳು.

ಆಟೋ ಸ್ಟ್ಯಾಂಡಿಗೆ ಹೋದಳು. "ಬರ್ರೀ, ಮಟನ್ ಊಟ! ರೊಕ್ಕ ಬ್ಯಾಡ, ಹೊಟ್ಟಿ ತರ್ರಿ!" ಆಟೋದವರು ಹೊಟ್ಟೆ ಸವರಿಕೊಂಡು ನಕ್ಕರು. ಅವತ್ತು ಭಾನುವಾರ. ಊರಲ್ಲಿ ಮಾಂಸ ತಿನ್ನುವವರ ಮನೆಯಲ್ಲೆಲ್ಲ ಅದೇ ಬೆಂದಿತ್ತು. "ಅಕ್ಕಾ, ಒಂದು ತಾಸಿನ ಮೊದ್ಲು ಹೇಳಬಾರದಾಗಿತ್ತೇನು? ಈಗ ನೀರು ಇಳಿಯಾಕೂ ಜಾಗ ಇಲ್ಲ" ಎಂದ ಒಬ್ಬ. ಆದರೂ ಓಬಕ್ಕ ಸೊಂಟಕ್ಕೆ ಕೈಕೊಟ್ಟು ನಿಂತದ್ದು ನೋಡಿ ಒಬ್ಬೊಬ್ಬರೇ ಎದ್ದರು. ಒಂದೊಂದು ತುಂಡು ತಿಂದು ಗೋಡೆಗೆ ಒರಗಿದರು.

ತಿಪ್ಪಯ್ಯ ರಸ್ತೆಗೆ ಅಡ್ಡ ನಿಂತ. ಭೈರವಾನಿತಿಪ್ಪ ಕಡೆಗೆ ಹೋಗುತ್ತಿದ್ದ ಕಡಲೆಕಾಯಿ ಕೂಲಿಯವರ ಟ್ರ್ಯಾಕ್ಟರಿಗೆ ಎರಡೂ ಕೈ ಎತ್ತಿದ.

"ಏನಾತಣ್ಣಾ, ಆಕ್ಸಿಡೆಂಟಾ?" ಎಂದ ಡ್ರೈವರು ಗಾಬರಿಯಿಂದ.

"ಇಲ್ಲ ಕಣಪ್ಪೋ, ಊಟ! ಇಳೀರಿ ಬಿರ್ರನೆ, ಹೊತ್ತು ಮುಳುಗಿದ್ರೆ ನಮ್ಮಕ್ಕ ನನ್ನೂ ಬೇಯಿಸ್ತಾಳೆ!"

ಕೂಲಿಯವರು ಹಸಿದಿದ್ದರು. ಅವರು ಇಳಿದರು, ಕೂತರು, ಮುದ್ದೆ ಮುರಿದರು. ಯಾರ ಮದುವೆ ಎಂದು ಒಬ್ಬಳು ಕೇಳಿದಳು. "ನನ್ನ ಗಂಟಲಿಂದು!" ಎಂದಳು ಓಬಕ್ಕ ಬಡಿಸುತ್ತಾ. ಒಂದು ಹಂಡೆ ತಳ ಕಂಡಿತು. ಜಗದೀಶ ಅದನ್ನು ಬೋರಲು ಹಾಕಿದ. ತಿಪ್ಪಯ್ಯ ಅದರ ಮೇಲೆ ತಾಳ ಹಾಕಿದ. ಟ್ರ್ಯಾಕ್ಟರು ಕೈ ಬೀಸುತ್ತಾ ಹೋಯಿತು.

ಇನ್ನೊಂದು ಹಂಡೆ ಮುಕ್ಕಾಲು ತುಂಬಿ ಹಾಗೇ ಕೂತಿತ್ತು. ಲೈಟು ಕಂಬದ ನೆರಳು ಉದ್ದಕ್ಕೆ ಬಿದ್ದು ಬೀದಿ ದಾಟಿ ಎದುರು ಮನೆಯ ಮೆಟ್ಟಿಲು ಮುಟ್ಟಿತ್ತು.

ಓಬಕ್ಕ ಕಟ್ಟೆಯ ಮೇಲೆ ಕುಸಿದು ಕೂತಳು. "ಇಷ್ಟು ಕಟ್ಟುನಿಟ್ಟು ಯಾಕಿಟ್ರೋ ದೇವ್ರು! ಒಂದು ಮನಿಯವ್ರು ಒಂದು ದಿನದಾಗ ಒಂದು ಟಗರು ತಿಂದು ಮುಗಿಸಾಕ ಆಗ್ತದೇನ್ರಿ?"

"ಆಗಂಗಿಲ್ಲ," ಎಂದರು ಪಾಸ್ಟರ್. ಸಾರು ಜಾಸ್ತಿಯಾಗಿ ಅವರ ಹಣೆಯ ಮೇಲೆ ಬೆವರಿತ್ತು. "ಅದಕ್ಕೇ ಇರಬೇಕು ನೋಡ್ರಿ. ಒಬ್ರೇ ತಿನ್ನಾಕ ಆಗಬಾರದು. ಮುಚ್ಚಿಡಾಕ ಆಗಬಾರದು. ಹೊತ್ತು ಮುಳುಗೂದರೊಳಗ ಎಲ್ರನ್ನೂ ಕರೀಲೇಬೇಕು, ಬೇಕಾದೋರು, ಬ್ಯಾಡಾದೋರು. ಕರೆದು, ಇದು ಯಾಕ ಅಂತ ಹೇಳಬೇಕು. ಟಗರು ದೇವ್ರಿಗೆ ಯಾಕ ಬೇಕಮ್ಮಾ? ಆ ಮಾತು ಬೇಕು. ಯೇಸುವಿನಿಂದ ಹತ್ತು ಮಂದಿ ಕುಷ್ಠರೋಗಿಗಳಿಗೆ ವಾಸಿ ಆತು. ಸ್ತೋತ್ರ ಹೇಳಾಕ ಹಿಂದಕ್ಕ ಬಂದಾತ ಒಬ್ಬನೇ. ಅವನೂ ಗಟ್ಟಿ ಧ್ವನಿಲೇ ಒದರಕೋತ ಬಂದ."

"ನಾನೂ ಒದರೀನಲ್ರಿ, ವಾರ ವಾರ."

ಪಾಸ್ಟರ್ ಹಣೆ ಒರೆಸಿಕೊಂಡರು. ಜಗದೀಶ ಟೈರಿಗೆ ಗಾಳಿ ಹೊಡೆಯುವುದು ಬಿಟ್ಟು ತಲೆ ಎತ್ತಿದ.

"ಎಲ್ರನ್ನೂ ಕರದೀಯೇನು?"

"ಎಲ್ರನ್ನೂ."

"ಎಲ್ರನ್ನೂ?"

ಎದುರಿನ ಮೇಲಂತಸ್ತಿನಿಂದ ಕಟಕಟ ಕಟಕಟ ಕೇಳುತ್ತಿತ್ತು. ಹೊಟ್ಟೆ ಹಸಿದ ಜನ ತುಂಬಾ ಇದ್ದ ಜಾಗ ಅದೊಂದೇ. ಆ ಮೆಟ್ಟಿಲು ಅನ್ನದಾನಮ್ಮನ ಬಾಗಿಲ ಮುಂದಿನಿಂದಲೇ ಹತ್ತಬೇಕು. ಓಬಕ್ಕ ಆ ಮನೆ ನೋಡಿದಳು. ಹಂಡೆ ನೋಡಿದಳು. ಕಿತ್ತಳೆ ಬಣ್ಣಕ್ಕೆ ತಿರುಗುತ್ತಿದ್ದ ಸೂರ್ಯನನ್ನು ನೋಡಿದಳು. ಸಿಟ್ಟು ಬಂತು, ಅಳು ಬಂತು, ಯಾಕೋ ನಗುವೂ ಬಂತು. ಎದ್ದು ಬೀದಿಯ ನಡುವೆ ಹೋಗಿ ನಿಂತು, ಉಸಿರು ಎಳೆದುಕೊಂಡಳು.

"ಅನ್ನದಾನಮ್ಮಾರಾ!"

ಮಿಷನ್‌ಗಳು ನಿಂತವು. ಗೋಡೆಗೆ ಒರಗಿದ್ದ ಆಟೋದವರು ನೆಟ್ಟಗಾದರು. ಅನ್ನದಾನಮ್ಮ ಬಾಲ್ಕನಿಗೆ ಬಂದಳು.

"ಏನು? ಕಿವಿ ಅದಾವ ನನಗ."

ಓಬಕ್ಕನ ಬಾಯಿ ತೆರೆದೇ ಇತ್ತು. ದೇವರಿಗಾದರೆ ಸ್ತೋತ್ರ ಎನ್ನಬಹುದು. ಎದುರು ಮನೆಯ ಹೆಂಗಸಿಗೆ ಏನನ್ನಬೇಕೋ ಅವಳು ಎಂದೂ ಕಲಿತಿರಲಿಲ್ಲ. ಹಾಗಾಗಿ ಬಂದದ್ದನ್ನೇ ಹೇಳಿದಳು. ಸಾಕ್ಷಿ ಹೇಳಿದಳು.

"ನಾ ಬಳ್ಳಾರಿಗೆ ಹೋಗಲಿಲ್ರೀ!" ಎಂದು ಕೂಗಿದಳು. "ನನ್ನನ್ನ ಕರ್ಕೊಂಡು ಹೋದ್ರು! ಯಾರು? ಇಕೋ, ಇವ್ರು! ನನ್ನ ರಟ್ಟಿ ಹಿಡಿದು ಆಟೋದಾಗ ಒಗೆದ್ರು! ಆಸ್ಪತ್ರಿ ಬೆಂಚಿನ ಮ್ಯಾಲ ಕುಂತು ಕುಂತು ಇವ್ರ ಕಾಲು ಬಾತಿದ್ವು! ಸೂಜಿ ಚುಚ್ಚೂಮುಂದ ನಾ ಇವ್ರ ಕೈ ಹಿಂಡಿ ಹಿಂಡಿ ಗಾಜಿನ ಬಳಿ ಒಡದ್ನಿ! ಒಂದು ಮಾತು ಅನ್ನಲಿಲ್ಲ, ಆಮ್ಯಾಲ ಊರಿಗೆಲ್ಲ ಅಂದ್ರು! ಅನ್ನಲಿ! ಗಂಟು ಕಡ್ಲಿಕಾಳಿನಷ್ಟೇ ಇತ್ರೀ, ನಿಂಬಿಹಣ್ಣು ನಾ ಹೇಳಿದ್ದು! ದೇವ್ರೇ ಕೊಟ್ರು ಬಾಯಿ, ಆದ್ರ ದೇವ್ರು ಕಳಿಸಿದ್ದು ಇವ್ರನ್ನ! ಇವ್ರ ಹೆಸ್ರು ನಾ ಸಭಾದಾಗ ಒಂದಿನಾನೂ ತಗೀಲಿಲ್ಲ! ತಪ್ಪಾತು! ಈ ಊಟ ನಿಮ್ದೂ ಐತ್ರೀ ಅಮ್ಮಾ, ಹೊತ್ತು ಮುಳುಗಾಕ ಬಂದೈತಿ, ಬೈದಾದ್ರೂ ಬರ್ರೀ!"

ಬೀದಿಯೇ ನಿಂತು ಕೇಳುತ್ತಿತ್ತು. ಮೇಲಂತಸ್ತಿನ ಕಿಟಕಿಗಳಲ್ಲಿ ತಲೆಗಳು ತುಂಬಿದ್ದವು.

ಅನ್ನದಾನಮ್ಮ ಸೆರಗಿನಿಂದ ಮುಖ ಒರೆಸಿದಳು. "ಇಷ್ಟು ಹೇಳಾಕ ಇಷ್ಟು ದಿನ ಬೇಕಾತೇನೇ, ಗಯ್ಯಾಳಿ?" ಎಂದಳು. ಆಮೇಲೆ ಮೇಲಕ್ಕೆ ನೋಡಿ, "ಸಿದ್ದಾ! ಮಿಷನ್ ಬಂದ್ ಮಾಡು."

ಸಿದ್ದರಾಮೇಶ ಕಿಟಕಿಯಿಂದ ಬಗ್ಗಿದ. "ಅವ್ವಾ, ಲೋಡು..."

"ಲೋಡೇನು ಕಾಲು ಬಂದು ಓಡಿ ಹೋಗ್ತದೇನು? ಹಸಿದವ್ರು ಹೊಲಿದ್ರ ಪ್ಯಾಂಟಿನ ಎರಡೂ ಕಾಲು ಒಂದೇ ಕಡಿ ಬರ್ತಾವ. ಕಳಿಸು ಎಲ್ರನ್ನೂ!"

ಮೆಟ್ಟಿಲು ದಡದಡ ಅಂದವು. ತಲೆಯ ಮೇಲೆ ನೂಲು, ಕೈಯೆಲ್ಲ ನೀಲಿ, ಹೊಲಿಗೆಯವರು ನುಗ್ಗಿ ಬಂದರು. ಕೂರಲು ಜಾಗ ಇಲ್ಲದವರು ಹಳೇ ಟೈರುಗಳ ಮೇಲೆ ಕೂತರು. ಬಡಿಸುವವರಿಗೆ ಓಡಲು ಕಾಲು ಸಾಲದಾಯಿತು. ಪಾಸ್ಟರೇ ಬಕೆಟ್ಟು ಹಿಡಿದು ಸಾರು ಸುರಿದರು. ತಿಪ್ಪಯ್ಯ, "ತಿನ್ರಪ್ಪೋ, ನಮ್ ಮಡಕಶಿರದ ಟಗರು, ಫೋಟೋನೂ ಐತೆ ನೋಡ್ರಿ!" ಎಂದು ಸಾಲು ಸಾಲಿಗೂ ಫೋನು ತೋರಿಸಿದ. ಗೋಡೆಗೆ ಒರಗಿದ್ದ ಆಟೋದವರಿಗೆ ಯಾಕೋ ಮತ್ತೆ ಹಸಿವಾಯಿತು. ಸಿದ್ದರಾಮೇಶ ಮೆಟ್ಟಿಲ ಮೇಲೆ ಕೂತು ಒಂದೊಂದೇ ಬನ್ನು ಹರಿದು ಬಾಯಿಗೆ ಹಾಕುತ್ತಾ ವಾಚು ನೋಡುತ್ತಿದ್ದ. ಕಡೆಗೆ ವಾಚು ನೋಡುವುದು ಬಿಟ್ಟು ಬನ್ನಷ್ಟೇ ನೋಡಿದ. ಎರಡನೇ ಹಂಡೆಯ ತಳವನ್ನು ಸೌಟು ಗೀರಿತು. ಜಗದೀಶ ಅದನ್ನೂ ಬೋರಲು ಹಾಕಿದ.

ಅನ್ನದಾನಮ್ಮ ತನ್ನ ಮೆಟ್ಟಿಲ ಮೇಲೆಯೇ ನಿಂತಿದ್ದಳು, ಮೂಗಿಗೆ ಸೆರಗು ಹಿಡಿದು. ಓಬಕ್ಕ ಹಿತ್ತಲಿಗೆ ಓಡಿ ಬುಟ್ಟಿ ತಂದಳು.

"ಹೋಳಿಗಿ. ಬ್ಯಾರೆ ಒಲಿ, ಹೊಸ ಕಾವಲಿ. ಮಟನ್ ಗಾಳಿ ಸೈತ ತಾಗಿಲ್ರೀ. ನಿಮ್ಮ ಅಂಗಡೀದೇ ಬೇಳಿ."

ಅನ್ನದಾನಮ್ಮ ಬುಟ್ಟಿ ನೋಡಿದಳು. ಓಬಕ್ಕನನ್ನು ನೋಡಿದಳು. ಬೀದಿಯಲ್ಲಿ ಒಂದು ಕ್ಷಣ ಅಗಿಯುವುದೂ ನಿಂತಿತು. ಅವಳು ಒಂದು ಹೋಳಿಗೆ ತೆಗೆದು, ಮುರಿದು, ಬಾಯಿಗಿಟ್ಟಳು.

"ಏಲಕ್ಕಿ ಕಮ್ಮಿ ಆಗೇತಿ," ಎಂದಳು.

"ನಿಮ್ಮ ಅಂಗಡೀದೇ ಏಲಕ್ಕಿ!"

ನಗು ಬೀದಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಜಗದೀಶ ಪಾಸ್ಟರ್ ಹತ್ತಿರ ಬಂದು ಮೆಲ್ಲಗೆ ಕೇಳಿದ. "ಸ್ವಾಮೀ, ಹೊಸ ಕಾವಲಿ ಅಂತ ಪುಸ್ತಕದಾಗ ಐತೇನ್ರಿ?"

"ಇಲ್ವಲ್ಲ."

"ನನಗೂ ಹಂಗೇ ಅನ್ನಿಸ್ತು," ಎಂದ ಜಗದೀಶ. ಅವತ್ತು ಅವನು ಆಡಿದ್ದರಲ್ಲಿ ಅದೇ ದೊಡ್ಡ ಭಾಷಣ.

ಸೂರ್ಯ ಇನ್ನೂ ಒಂದು ಚೂರು ಉಳಿದಿದ್ದ. ಅನ್ನದಾನಮ್ಮ ಓಬಕ್ಕನ ಗಲ್ಲ ಹಿಡಿದು ತಿರುಗಿಸಿದಳು. "ನೀ ಏನರ ತಿಂದೀಯೇನು?"

ಓಬಕ್ಕ ಯೋಚಿಸಿದಳು. ಬೆಳಿಗ್ಗೆಯಿಂದ ನೀರು ಬಿಟ್ಟರೆ ಏನೂ ಇಲ್ಲ. ಊರಿಗೆಲ್ಲ ತಿನ್ನಿಸುವ ಗಡಿಬಿಡಿಯಲ್ಲಿ ಹರಕೆ ಹೊತ್ತವಳೇ ಉಳಿದುಹೋಗಿದ್ದಳು.

"ತಗೋ. ಹೊತ್ತು ಹೋಗ್ತದ!" ಎಂದು ಅನ್ನದಾನಮ್ಮ ಕೈಯಲ್ಲಿದ್ದ ಅರ್ಧ ಹೋಳಿಗೆಯನ್ನು ಪೂರ್ತಿ ಅವಳ ಬಾಯಿಗೆ ತುರುಕಿದಳು. ಓಬಕ್ಕನ ಕೆನ್ನೆ ಉಬ್ಬಿತು. ಏನೋ ಹೇಳಲು ಹೋದಳು, ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. ಕೈ ಆಡಿಸಿದಳು.

"ಯಾಕ? ಮತ್ತ ಹೋತೇನು ಧ್ವನಿ? ಆಟೋ ಕರೀಲೇನು?"

ಓಬಕ್ಕ ನುಂಗಿದಳು.

"ಸ್ತೋತ್ರಾ!"

ಸಭೆಯ ಶೀಟು ಬೀದಿಯ ಕೊನೆಯಲ್ಲಿತ್ತು. ಅದೂ ನಡುಗಿತೆಂದು ಕಾಟಮ್ಮ ಇವತ್ತಿಗೂ ಹೇಳುತ್ತಾಳೆ.

ಮರುದಿನ ಬೆಳಿಗ್ಗೆ ಓಬಕ್ಕ ಒಲೆ ಹೊತ್ತಿಸಿದಳು, ಮೊದಲ ಮೆಣಸಿನಕಾಯಿ ಬಿಟ್ಟಳು, ಕೂಗು ಹಾಕಿದಳು. ನಾಯಿ ಎದ್ದಿತು. ಆಟೋದವರು ಎದ್ದರು. ಓಬಕ್ಕ ಸೌಟು ಹಿಡಿದು ಮೇಲೆ ನೋಡುತ್ತಾ ಕಾದಳು. ಬಾಲ್ಕನಿಯ ಬಾಗಿಲು ಕಿರ್ರೆಂದಿತು.

"ಲೇ ಓಬಕ್ಕಾ! ಮೆಲ್ಲಕ ಒದರಾಕ ಏನು ಧಾಡಿ ನಿನಗ?"

ಓಬಕ್ಕನಿಗೆ ಆದ ಖುಷಿ ಎಷ್ಟೆಂದರೆ, ಆ ಬಾಣಲೆಯ ಮಿರ್ಚಿ ಅಷ್ಟೂ ಸೀದುಹೋಯಿತು.